ಒಂದು ಕುರ್ಚಿ ಕಮ್ಮಿ

ನಮ್ಮ ಊರಿನ ಸಭಾಭವನದಲ್ಲಿ ಮುನ್ನೂರ ಎಂಬತ್ತು ಕುರ್ಚಿಗಳಿವೆ. ನಾನು ಅಲ್ಲಿನ ಕಚೇರಿ ಗುಮಾಸ್ತ. ಆದರೂ ಈ ಸಂಖ್ಯೆ ನನಗೆ ಬಾಯಿಪಾಠವಾದದ್ದು ಕಚೇರಿಯಲ್ಲಲ್ಲ, ಮನೆಯಲ್ಲಿ ಊಟದ ಹೊತ್ತಿನಲ್ಲಿ. ಆ ಕುರ್ಚಿಗಳನ್ನು ಹಾಕುವ, ತೆಗೆಯುವ, ಒರೆಸುವ, ಒಂದರ ಮೇಲೊಂದು ಪೇರಿಸುವ ಮಹಾನುಭಾವರು ನನ್ನ ಹೆಂಡತಿಯ ಅಣ್ಣ. ನನಗೆ ಭಾವ, ಊರಿಗೆಲ್ಲ ಕುರ್ಚಿಯಣ್ಣ. ಮೂವತ್ತೊಂದು ವರ್ಷದಿಂದ ಅವರಿಗೆ ಅದೇ ಕೆಲಸ, ಭವನದ ಹಿಂದಿನ ಒಂಟಿ ಕೋಣೆಯೇ ಮನೆ.

ಭಾವನವರ ಕೈಯಲ್ಲಿ ಕುರ್ಚಿ ಹಾಕುವ ವಿದ್ಯೆ ಇತ್ತು. ದಾರ ಕಟ್ಟದೆ ಸಾಲು ನೆಟ್ಟಗೆ ನಿಲ್ಲಿಸುತ್ತಿದ್ದರು. ಇಲ್ಲದೆ ಇದ್ದದ್ದು ಯಾವ ಸಭೆಗೆ ಯಾವ ಸಾಲು ಎಂಬ ವಿವೇಚನೆ ಮಾತ್ರ. ಕಣ್ಣಿನ ವೈದ್ಯರ ಸಮ್ಮೇಳನಕ್ಕೆ ಕುರ್ಚಿಗಳನ್ನೆಲ್ಲ ಹಿಂದಿನ ಗೋಡೆಗೆ ಮುಖ ಮಾಡಿ ಹಾಕಿದ್ದರು. ವೈದ್ಯರು ಅರ್ಧ ಗಂಟೆ ಗೋಡೆ ನೋಡುತ್ತ ಕೂತಿದ್ದು, ಆಮೇಲೆ ಅವರಲ್ಲಿ ಹಿರಿಯರೊಬ್ಬರಿಗೆ ಅನುಮಾನ ಬಂತು. ಒಂದು ಸಂತಾಪ ಸಭೆಗೆ, ಮರುದಿನ ಮಕ್ಕಳ ಸಂಗೀತ ಕುರ್ಚಿ ಆಟಕ್ಕೆ ಹಾಕಬೇಕಾಗಿದ್ದ ಹಾಗೆ, ಕುರ್ಚಿಗಳನ್ನು ಬೆನ್ನಿಗೆ ಬೆನ್ನು ಹಚ್ಚಿ ದುಂಡಗೆ ಜೋಡಿಸಿದರು. ಬಂದ ಬಂಧುಗಳು ಕೂರಬೇಕೋ ಸುತ್ತಬೇಕೋ ತಿಳಿಯದೆ ಎರಡು ಸುತ್ತು ಸುತ್ತಿಯೇ ಬಿಟ್ಟರು.

ಇದನ್ನೆಲ್ಲ ಕಾರ್ಯದರ್ಶಿಗಳು ಹಲ್ಲು ಕಚ್ಚಿ ಸಹಿಸಿಕೊಂಡಿದ್ದರು. ಆದರೆ ವಾರ್ಷಿಕ ಸಭೆಯಲ್ಲಿ ಭಾವ ಒಂದು ಕುರ್ಚಿ ಕಮ್ಮಿ ಹಾಕಿದರು. ಸ್ವಾಗತ ಭಾಷಣ ಮುಗಿಸಿ, ಚಪ್ಪಾಳೆ ತಟ್ಟಿಸಿಕೊಂಡು, ಕಾರ್ಯದರ್ಶಿಗಳು ಹಿಂದೆ ನೋಡದೆ ಗಂಭೀರವಾಗಿ ಕೂತರು. ಕುರ್ಚಿ ಇರಲಿಲ್ಲ.

ಮೂರು ದಿನ ಸೊಂಟಕ್ಕೆ ಎಣ್ಣೆ ತಿಕ್ಕಿಸಿಕೊಂಡು ಬಂದವರೇ ಭಾವನವರನ್ನು ಕರೆಸಿದರು. ನಾನೂ ಬಾಗಿಲ ಹತ್ತಿರ ನಿಂತಿದ್ದೆ.

"ನೋಡಯ್ಯಾ, ಇನ್ಮೇಲೆ ನೀನು ಯೋಚನೆ ಮಾಡೋ ಹಾಗಿಲ್ಲ. ಗುಮಾಸ್ತರು ಚೀಟಿ ಅಂಟಿಸ್ತಾರೆ. ಚೀಟೀಲಿ ಎಷ್ಟಿದೆಯೋ ಅಷ್ಟು ಕುರ್ಚಿ. ಒಂದು ಹೆಚ್ಚಿಲ್ಲ, ಒಂದು ಕಮ್ಮಿ ಇಲ್ಲ. ಒಂದೇ ಒಂದು ವ್ಯತ್ಯಾಸ ಆದ್ರೂ ಕೋಣೆ ಖಾಲಿ ಮಾಡಿ ಹೊರಡು."

"ಆಗ್ಲಿ ಸ್ವಾಮಿ. ಒಂದು ಹೆಚ್ಚಿಲ್ಲ, ಒಂದು ಕಮ್ಮಿ ಇಲ್ಲ," ಎಂದರು ಭಾವ. ಕುರ್ಚಿ ಬಿಟ್ಟರೆ ಆ ಮನುಷ್ಯನಿಗೆ ಬೇರೆ ಲೋಕ ಗೊತ್ತಿಲ್ಲ. ನನ್ನ ಚಿಂತೆ ಬೇರೆ. ಭಾವ ಕೋಣೆ ಖಾಲಿ ಮಾಡಿದರೆ ಬರುವುದು ನಮ್ಮ ಮನೆಗೆ. ನಮ್ಮದು ಎರಡೇ ಕೋಣೆ, ನಾಲ್ಕೇ ಕುರ್ಚಿ. ಅವರು ಬಂದಾಗಲೆಲ್ಲ ಆ ನಾಲ್ಕನ್ನೂ ಸಾಲಾಗಿ ಗೋಡೆಗೆ ಹಚ್ಚಿಟ್ಟು ಹೋಗುತ್ತಿದ್ದರು, ನಾವು ನಾಟಕ ನೋಡುವವರ ಹಾಗೆ ಅಕ್ಕಪಕ್ಕ ಕೂತು ಊಟ ಮಾಡಬೇಕಾಗುತ್ತಿತ್ತು.

ಆ ತಿಂಗಳಲ್ಲೇ ದತ್ತಿ ಉಪನ್ಯಾಸ ಬಂತು. ಯಾರೋ ಪುಣ್ಯಾತ್ಮರು ಹಿಂದೊಮ್ಮೆ ಬರೆದಿಟ್ಟ ಏರ್ಪಾಡು: ವರ್ಷಕ್ಕೊಮ್ಮೆ ಆರು ದಿನ, ದಿನಕ್ಕೊಂದು ಗಂಟೆ, ಯಾರಾದರೊಬ್ಬ ವಿದ್ವಾಂಸರು ಮಾತನಾಡಬೇಕು. ಕೇಳಲು ಜನ ಇರಬೇಕೆಂದು ಅವರು ಬರೆದಿರಲಿಲ್ಲ, ಜನ ಬರುತ್ತಲೂ ಇರಲಿಲ್ಲ. ಈ ಸಲ ನಿವೃತ್ತರಾದ ಗಣಿತದ ಮೇಡಂ ಒಬ್ಬರು. ವಯಸ್ಸು ಎಪ್ಪತ್ತರ ಮೇಲೆ, ಗುಬ್ಬಚ್ಚಿಯಷ್ಟು ದೇಹ, ಕೈಚೀಲದಲ್ಲಿ ಸೀಮೆಸುಣ್ಣದ ಡಬ್ಬಿ. ವಿಷಯ: 'ಸಮಾಂತರ ಶ್ರೇಢಿಯಲ್ಲಿ ಅವಿಭಾಜ್ಯ ಸಂಖ್ಯೆಗಳು: ಹಿಂದಿನವರಿಂದ ಹುಟ್ಟುವ ಮುಂದಿನವರು'. ಹೆಸರು ಓದಿಯೇ ನನಗೆ ಆಕಳಿಕೆ ಬಂದಿತ್ತು ಎಂದು ಈಗ ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ.

ಯಾವ ದಿನ ಯಾವ ಸಂಖ್ಯೆಯ ಬಗ್ಗೆ ಮಾತನಾಡುತ್ತೇನೆ ಎಂದು ಮೇಡಂ ಒಂದು ಹಾಳೆ ಕೊಟ್ಟರು. ನಾನು ಅದನ್ನು ಟೈಪು ಮಾಡಿ ಸೂಚನಾ ಫಲಕಕ್ಕೆ ಹಾಕಬೇಕಿತ್ತು. ಫಲಕದಲ್ಲಿ ಜಾಗ ಸಾಲಲಿಲ್ಲ. ತಲೆಬರಹವನ್ನು ಕತ್ತರಿಸಿ ಎಸೆದೆ. ಆಮೇಲೂ ಸಾಲದೆ, ಅದನ್ನು ಒಯ್ದು, ಕುರ್ಚಿ ಲೆಕ್ಕದ ಚೀಟಿಯ ಜಾಗವೂ ಅದೇ ಎಂಬುದನ್ನು ಮರೆತು, ಕುರ್ಚಿ ಉಗ್ರಾಣದ ಬಾಗಿಲಿಗೆ ಅಂಟಿಸಿದೆ. ಹೀಗೆ ಈ ಕಥೆಯ ಕಳ್ಳ ನಾನೇ. ಬಾಗಿಲ ಮೇಲೆ ಉಳಿದದ್ದು ಇಷ್ಟು:

ಮೊದಲ ದಿನ: 3
ಎರಡನೇ ದಿನ: 11
ಮೂರನೇ ದಿನ: 131
ನಾಲ್ಕನೇ ದಿನ: 17,291
ಐದನೇ ದಿನ: 29,89,95,971
ಆರನೇ ದಿನ: 8,779

ಯಾರಾದರೂ ಇಡೀ ಚೀಟಿಯನ್ನು ಓದಿದ್ದರೆ ಅಲ್ಲಿಗೇ ಎಲ್ಲ ಮುಗಿಯುತ್ತಿತ್ತು. ಆದರೆ ಭಾವನವರದು ಒಂದು ತತ್ವ. ಇವತ್ತಿನ ಕುರ್ಚಿ ಇವತ್ತು, ನಾಳೆಯ ಕುರ್ಚಿ ನಾಳೆ. ಅವರು ದಿನಕ್ಕೊಂದೇ ಸಾಲು ಓದಿದರು.

ಮೊದಲ ದಿನ ಆ ವಿಶಾಲ ಭವನದ ನಡುವೆ ಮೂರೇ ಕುರ್ಚಿ. ಒಂದರಲ್ಲಿ ಕರ್ತವ್ಯದ ದೆಸೆಯಿಂದ ಕಾರ್ಯದರ್ಶಿಗಳು. ಇನ್ನೊಂದರಲ್ಲಿ, ಅಣ್ಣನ ಕೆಲಸ ಉಳಿಯಲಿ ಎಂದು ತಲೆ ಎಣಿಕೆಗೆ ಬಂದ ನನ್ನ ಹೆಂಡತಿ. ಮೂರನೆಯದರಲ್ಲಿ ಎದುರು ಅಂಗಡಿಯ ದರ್ಜಿ. ಅಂಗಡಿಯ ಫ್ಯಾನು ಕೆಟ್ಟಿತ್ತು, ನಮ್ಮದು ತಿರುಗುತ್ತಿತ್ತು. ಮೇಡಂ ಒಳಗೆ ಬಂದು ಕುರ್ಚಿಗಳನ್ನು ನೋಡಿ ಮುಗುಳ್ನಕ್ಕರು. "ಮೂರು! ಸರಿಯಾಗಿ ಮೂರು! ಯಾರು ಹಾಕಿದ್ದು?" ಎಂದು ಕೇಳಿದರು. ಭಾವ ಬಾಗಿಲ ಮರೆಯಿಂದ ಕೈ ಎತ್ತಿದರು. ಮೂವತ್ತೊಂದು ವರ್ಷದಲ್ಲಿ ಯಾರೂ ಆ ಪ್ರಶ್ನೆಯನ್ನು ಕೋಪವಿಲ್ಲದೆ ಕೇಳಿರಲಿಲ್ಲ. ಕಾರ್ಯದರ್ಶಿಗಳಿಗೆ ಭಾಷಣಕ್ಕಿಂತ ಆ ಎಣಿಕೆಯೇ ಹಿಡಿಸಿತು. ಇನ್ನು ಚಿಂತೆಯಿಲ್ಲವೆಂದು ಮರುದಿನ ಬೆಳಿಗ್ಗೆಯೇ ಮಗಳ ಮನೆಗೆ ಹೊರಟುಹೋದರು.

ದರ್ಜಿ ಸುಮ್ಮನಿರುವ ಆಸಾಮಿಯಲ್ಲ. ಅಳತೆಗೆ ಬಂದವರಿಗೆಲ್ಲ, "ಅಲ್ಲಿ ಏನೋ ನಡೀತಿದೆ ಕಣ್ರೀ. ಮುನ್ನೂರು ಚಿಲ್ಲರೆ ಕುರ್ಚಿ ಇಟ್ಕೊಂಡು ಮೂರೇ ಹಾಕಿದ್ರು. ನಮ್ಮಂಥ ಆಯ್ದ ಜನಕ್ಕೆ ಮಾತ್ರ," ಎಂದ. ಮುನ್ನೂರು ಕುರ್ಚಿ ಖಾಲಿ ಇದ್ದಾಗ ತಿರುಗಿ ನೋಡದ ಊರು, ಮೂರೇ ಕುರ್ಚಿ ಎಂದೊಡನೆ ಕಿವಿ ನಿಮಿರಿಸಿತು. ಎರಡನೇ ದಿನ ಹನ್ನೊಂದು ಕುರ್ಚಿಗೆ ಹನ್ನೊಂದು ಜನ ಕೂತು, ಇನ್ನಷ್ಟು ಜನ ಕಿಟಕಿಗೆ ಜೋತುಬಿದ್ದರು. ಮೂರನೇ ದಿನ ಬೆಳಿಗ್ಗೆಯಿಂದಲೇ ಶಿಫಾರಸು ಶುರುವಾಯಿತು. "ನಮ್ಮ ಅತ್ತೆಗೊಂದು ಜಾಗ ಮಾಡಿಕೊಡಿ, ಅವರಿಗೆ ಗಣಿತ ಅಂದ್ರೆ ಪ್ರಾಣ," ಎಂದು ಒಬ್ಬರು ನನ್ನ ಕೈ ಹಿಡಿದುಕೊಂಡರು. ಆ ಅತ್ತೆಗೆ ಗಡಿಯಾರ ನೋಡಲು ಬರುವುದಿಲ್ಲವೆಂದು ಊರಿಗೇ ಗೊತ್ತು.

ಆ ಮಧ್ಯಾಹ್ನ ಭಾವ ಬೆವರು ಒರೆಸಿಕೊಳ್ಳುತ್ತ ನನ್ನ ಕಚೇರಿಗೆ ನುಗ್ಗಿದರು.

"ಒಂದು ಕುರ್ಚಿ ಕಳುವಾಗಿದೆ!"

"ಎಣಿಸಿದ್ರಾ ಭಾವ?"

"ಎಣಿಸ್ದೆ. ನೂರಾ ಮೂವತ್ತೊಂದು ಸರಿಯಾಗಿದೆ."

"ಮತ್ತೆ?"

"ಆದ್ರೆ ಒಂದು ಕಮ್ಮಿ ಇದೆ!"

ಹೋಗಿ ನೋಡಿದೆ. ನಾಲ್ಕು ನಾಲ್ಕರ ಸಾಲು ಹಾಕಿದ್ದರು. ಕೊನೆಯ ಸಾಲಿನಲ್ಲಿ ಮೂರೇ, ಒಂದು ಕಮ್ಮಿ. ಎಲ್ಲ ಎಳೆದು ಮೂರು ಮೂರರ ಸಾಲು ಮಾಡಿದರು. ಕೊನೆಯ ಸಾಲಿನಲ್ಲಿ ಎರಡೇ, ಒಂದು ಕಮ್ಮಿ. ಹನ್ನೊಂದರ ಸಾಲು ಮಾಡಿದರು. ಹನ್ನೊಂದು ಸಾಲು ಭರ್ತಿಯಾಗಿ, ಹನ್ನೆರಡನೆಯದರಲ್ಲಿ ಹತ್ತು. ಒಂದು ಕಮ್ಮಿ.

"ನೋಡಿದ್ಯಾ? ಹೆಂಗೆ ಹಾಕಿದ್ರೂ ಒಂದೇ ಕಮ್ಮಿ! ಯಾರೋ ಬೇಕಂತ ಮಾಡ್ತಿದಾರೆ. ನನ್ನ ಹೊಟ್ಟೆ ಮೇಲೆ ಹೊಡೀಬೇಕು ಅಂತಾನೇ ಮಾಡ್ತಿದಾರೆ." ಭಾವನವರ ಕಣ್ಣಲ್ಲಿ ನೀರಿತ್ತು.

ದರ್ಜಿ ಓಡಿಹೋಗಿ ಪೇದೆಯನ್ನು ಕರೆತಂದ. ಪೇದೆ ಟೋಪಿ ಸರಿಮಾಡಿಕೊಂಡು, "ಕಳ್ಳತನ ನಾನು ಕಣ್ಣಾರೆ ನೋಡ್ಬೇಕು. ಐದೈದರ ಸಾಲು ಹಾಕಿ," ಎಂದ. ಹಾಕಿದರು. ಇಪ್ಪತ್ತಾರು ಸಾಲು ಭರ್ತಿಯಾಗಿ, ಒಂದು ಕುರ್ಚಿ ಹೆಚ್ಚಿಗೆ ಉಳಿಯಿತು.

ಪೇದೆ ಆ ಒಂಟಿ ಕುರ್ಚಿಯ ಸುತ್ತ ಒಂದು ಸುತ್ತು ಬಂದ. "ಹ್ಞೂಂ. ಪೊಲೀಸ್ ಬಂದಿದ್ದು ನೋಡಿ ಕಳ್ಳ ವಾಪಸ್ ತಂದಿಟ್ಟಿದಾನೆ," ಎಂದು ತೀರ್ಪು ಕೊಟ್ಟು ಪುಸ್ತಕದಲ್ಲಿ ಬರೆದುಕೊಂಡ. ಅಷ್ಟರಲ್ಲಿ ಭಾವ ಆರಾರರ ಸಾಲು ಹಾಕಿ ಮುಗಿಸಿದ್ದರು. ಮತ್ತೆ ಒಂದು ಕಮ್ಮಿ. "ಮತ್ತೆ ಹೊತ್ಕೊಂಡು ಹೋದ!" ಎಂದು ಚೀರಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವ ಹಾಗೆ ದರ್ಜಿ, "ನಾನಂತೂ ಇಲ್ಲೇ ನಿಂತಿದೀನಪ್ಪ," ಎಂದು ಯಾರೂ ಕೇಳದೆ ಹೇಳಿದ.

ಆಗ ಬಾಗಿಲಲ್ಲಿ ಮೇಡಂ ನಿಂತಿದ್ದದ್ದು ಕಂಡಿತು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಸೀಮೆಸುಣ್ಣದ ಡಬ್ಬಿಯನ್ನು ಎದೆಗೆ ಒತ್ತಿಕೊಂಡಿದ್ದರು.

"ಕುರ್ಚಿ ಕಳುವಾಗಿಲ್ಲ ಅಣ್ಣಾ," ಎಂದರು ಭಾವನವರಿಗೆ. "ಆ ಒಂದು ಕಮ್ಮಿ ಇದ್ಯಲ್ಲ, ಅದನ್ನೇ ನಾನು ನಲವತ್ತು ವರ್ಷದಿಂದ ಬೋರ್ಡಿನ ಮೇಲೆ ಬರೀತಿದೀನಿ. ಯಾರಿಗೂ ತೋರ್ಸೋಕಾಗಿರ್ಲಿಲ್ಲ. ನೀವು ತೋರ್ಸಿಬಿಟ್ರಿ."

ಆ ದಿನ ಅವರು ಬೋರ್ಡು ಮುಟ್ಟಲಿಲ್ಲ. ಜನ ಕೂತ ಕುರ್ಚಿಗಳನ್ನೇ ತೋರಿಸಿ ಮಾತನಾಡಿದರು. ಸಮ ಸಾಲುಗಳಲ್ಲಿ ಎಷ್ಟು ಹಂಚಿದರೂ ಹೊಂದದ ಸಂಖ್ಯೆಗಳಿವೆಯಲ್ಲ, ಅವಕ್ಕೆ ಪುಸ್ತಕದಲ್ಲಿ ಅವಿಭಾಜ್ಯ ಎಂದು ಹೆಸರು. "ನಾವು ಹಠಮಾರಿ ಅನ್ನೋಣ," ಎಂದರು. ಹಠಮಾರಿಗಳಲ್ಲಿ ಒಂದು ಮನೆತನವಿದೆ. ನಾಲ್ಕರ ಸಾಲು ಹಾಕಿದರೆ ಕೊನೆಗೆ ಒಂದು ಕುರ್ಚಿ ಕಮ್ಮಿ ಬೀಳುವ ಮನೆತನ. ಮೂರರಿಂದ ಹೊರಟು ನಾಲ್ಕು ನಾಲ್ಕೇ ಹೆಜ್ಜೆ ಹಾಕುತ್ತ ಹೋದರೆ ಆ ಮನೆತನದವರೆಲ್ಲ ಆ ದಾರಿಯಲ್ಲೇ ಸಿಗುತ್ತಾರೆ: ಮೂರು, ಏಳು, ಹನ್ನೊಂದು, ಹತ್ತೊಂಬತ್ತು, ಇಪ್ಪತ್ತಮೂರು. ನಡುವೆ ಹದಿನೈದರಂಥ ಸಾಧು ಸಂಖ್ಯೆಗಳೂ ಬರುತ್ತವೆ, ಅವನ್ನು ಬಿಡಬೇಕು.

"ಈ ಮನೆತನದವರು ಎಲ್ಲಾದ್ರೂ ಮುಗೀತಾರಾ?" ಎಂದು ಮೇಡಂ ಕೇಳಿದರು. "ಇವತ್ತಿನವರೆಗೆ ಬಂದವರನ್ನೆಲ್ಲ ಒಟ್ಟಿಗೆ ಗುಣಿಸಿ. ನಾಲ್ಕರಿಂದ ಗುಣಿಸಿ. ಆಮೇಲೆ ಒಂದೇ ಒಂದು ಕುರ್ಚಿ ತೆಗೀರಿ. ಮೂರು, ಹನ್ನೊಂದು, ನಾಲ್ಕು: ನೂರಾ ಮೂವತ್ತೆರಡು. ಒಂದು ತೆಗೆದ್ರೆ ನೂರಾ ಮೂವತ್ತೊಂದು. ಈಗ ಮೂರು ಬಂದು ಭಾಗ ಮಾಡೋಕೆ ನೋಡ್ತಾನೆ, ಒಂದು ಕಮ್ಮಿ. ಹನ್ನೊಂದು ಬರ್ತಾನೆ, ಒಂದು ಕಮ್ಮಿ. ಹಳಬರು ಯಾರಿಗೂ ಇದನ್ನ ಒಡೆಯೋಕಾಗಲ್ಲ. ಅಂದ್ಮೇಲೆ ಒಳಗೆ ಹೊಸಬ ಇರ್ಲೇಬೇಕು."

"ಹೊಸಬ ಬೇರೆ ಮನೆತನದವನಾಗಿದ್ರೆ?" ದರ್ಜಿ ಕೇಳಿಯೇಬಿಟ್ಟ. ಅವನು ಬಟ್ಟೆಯನ್ನೂ ಹೀಗೇ ತಿರುಗಿಸಿ ನೋಡುವವನು.

ಮೇಡಂ ಅವನನ್ನು ಮಗನನ್ನು ನೋಡುವ ಹಾಗೆ ನೋಡಿದರು. "ಬೇರೆ ಮನೆತನದವರು ನಾಲ್ಕರ ಸಾಲಲ್ಲಿ ಒಂದು ಹೆಚ್ಚಿಗೆ ಉಳಿಯೋರು. ಅವ್ರವ್ರೇ ಎಷ್ಟು ಜನ ಸೇರಿ ಗುಣಿಸಿಕೊಂಡ್ರೂ ಒಂದು ಹೆಚ್ಚೇ ಉಳಿಯುತ್ತೆ, ಲೆಕ್ಕ ಹಾಕಿ ನೋಡಿ. ಒಂದು ಕಮ್ಮಿ ಬೀಳ್ಬೇಕಾದ್ರೆ ಒಳಗೆ ಒಂದು ಕಮ್ಮಿಯವನು ಒಬ್ಬನಾದ್ರೂ ಕೂತಿರ್ಬೇಕು. ಅವನನ್ನ ಹುಡುಕಿ, ಸಾಲಿಗೆ ಸೇರಿಸಿ, ಮತ್ತೆ ಗುಣಿಸಿ, ಮತ್ತೆ ಒಂದು ತೆಗೀರಿ. ಮತ್ತೊಬ್ಬ ಬರ್ತಾನೆ. ಹೀಗೇ, ಕೊನೆಯೇ ಇಲ್ಲ."

ನಾನು ಆಕಳಿಸುವುದನ್ನು ಮರೆತು ನಿಂತಿದ್ದೆ. ಗಣಿತವೆಂದರೆ ಎಲ್ಲ ಸರಿಹೋಗುವುದು ಎಂದು ನಾನು ತಿಳಿದಿದ್ದೆ. ಸರಿಹೋಗದ ಆ ಒಂದರಿಂದಲೇ ಇಷ್ಟು ದೊಡ್ಡ ವಂಶ ಬೆಳೆಯುತ್ತದೆಂದು ಕೇಳಿ ಮೈ ಜುಮ್ಮೆಂದಿತು.

ನಾಲ್ಕನೇ ದಿನ ಬೆಳಿಗ್ಗೆ ಭಾವ ನಾಲ್ಕನೇ ಸಾಲು ಓದಿದರು. ನಾನು ಕಚೇರಿಗೆ ಬರುವಷ್ಟರಲ್ಲಿ ಭವನದ ಮುಂದೆ ಕ್ಷೌರಿಕನ ತಿರುಗುವ ಕುರ್ಚಿ, ಹಲ್ಲಿನ ವೈದ್ಯರ ಒರಗುವ ಕುರ್ಚಿ, ಶಾಲೆಯ ಬೆಂಚು, ಮೂರು ಕಾಲಿನ ಒಂದು ಸ್ಟೂಲು ಜಮಾಯಿಸಿದ್ದವು. ಹಲ್ಲಿನ ಕುರ್ಚಿಯಲ್ಲಿ ರೋಗಿಯೂ ಇದ್ದ.

"ಭಾವ, ಅದು ಕುರ್ಚಿ ಲೆಕ್ಕ ಅಲ್ಲ! ತಪ್ಪು ನಂದು, ತಲೆಬರಹ ಕತ್ತರಿಸಿದ್ದು ನಾನು!"

ಭಾವ ನನ್ನನ್ನು ಮರುಕದಿಂದ ನೋಡಿದರು. "ಮೂರು ಅಂತಿತ್ತು, ಮೂರು ಜನ ಬಂದ್ರು. ಹನ್ನೊಂದು ಅಂತಿತ್ತು, ಹನ್ನೊಂದು ಜನ ಕೂತ್ರು. ನಿನ್ನೆ ನೂರಾ ಮೂವತ್ತೊಂದು, ಒಂದು ಕುರ್ಚಿ ಖಾಲಿ ಇತ್ತಾ? ಇವತ್ತು ಮಾತ್ರ ಚೀಟಿ ಸುಳ್ಳು ಹೇಳುತ್ತಾ?"

ಇದಕ್ಕೆ ಉತ್ತರವಿದ್ದರೆ ಓದುಗರು ದಯವಿಟ್ಟು ನನಗೆ ತಿಳಿಸಬೇಕು. ಅಷ್ಟರಲ್ಲಿ ಹದಿನೇಳು ಸಾವಿರ ಜನ ಬರುತ್ತಾರೆಂಬ ಸುದ್ದಿ ಹಬ್ಬಿ ಅಗ್ನಿಶಾಮಕದ ಅಧಿಕಾರಿ ಗಾಡಿ ಸಮೇತ ಬಂದರು. "ಹದಿನೇಳು ಸಾವಿರ ಆದ್ರೆ ಅನುಮತಿ ಕೊಡ್ಬಹುದು. ಆ ಇನ್ನೂರ ತೊಂಬತ್ತೊಂದು ಮಾತ್ರ ನಿಯಮದಲ್ಲಿ ಕೂರಲ್ಲ," ಎಂದರು. ಪೇದೆ ಊರಿನ ಕುರ್ಚಿಗಳನ್ನೆಲ್ಲ ಪಟ್ಟಿ ಮಾಡಿ, ಎಲ್ಲ ಸೇರಿಸಿದರೂ ಐದನೆಯ ಒಂದು ಪಾಲೂ ಆಗುವುದಿಲ್ಲವೆಂದು ವರದಿ ಒಪ್ಪಿಸಿದ. ಭಾವ ಮೆಟ್ಟಿಲ ಮೇಲೆ ಕುಸಿದರು. "ನನ್ನ ಕಥೆ ಮುಗೀತು. ತಂಗಿ ಮನೇಲಿ ಮೂಲೆ ಹಿಡಿಯೋದೇ ಸೈ," ಎಂದರು.

ದಾರಿ ತೋರಿಸಿದವನು ದರ್ಜಿ. "ಅಣ್ಣಾ, ನಾವು ಬಟ್ಟೆಗೆ ಕತ್ತರಿ ಹಾಕೋ ಮುಂಚೆ ಏನ್ಮಾಡ್ತೀವಿ? ಗುರುತು ಹಾಕ್ತೀವಿ. ನೀನು ಮೊದ್ಲು ಮೈದಾನದಲ್ಲಿ ಗುರುತು ಹಾಕು. ಕುರ್ಚಿ ಆಮೇಲೆ."

ಭವನದ ಹಿಂದೆ ಶಾಲೆಯ ಮೈದಾನವಿದೆ. ಉದ್ದಕ್ಕೂ ಹಗ್ಗ ಹಿಡಿದು ಸುಣ್ಣದ ಪುಡಿಯಲ್ಲಿ ನೂರಾ ಮೂವತ್ತೊಂದು ಗೆರೆ, ಅಡ್ಡಕ್ಕೆ ನೂರಾ ಮೂವತ್ತೆರಡು. ಗೆರೆಗೆ ಗೆರೆ ಕೂಡುವ ಕಡೆಯೆಲ್ಲ ಒಂದು ಜಾಗ. ಹಗ್ಗ ಹಿಡಿಯಲು ಅರ್ಧ ಊರೇ ಬಂತು. ಅಗ್ನಿಶಾಮಕದವರು ಬೂಟು ಕಳಚಿ ಒಂದು ತುದಿ ಹಿಡಿದರು. ಸಂಜೆ ನಾಲ್ಕಕ್ಕೆ ಕೆಲಸ ಮುಗಿಯಿತು. ನಾನು ಗುಣಿಸಿ ನೋಡಿದೆ: ಹದಿನೇಳು ಸಾವಿರದ ಇನ್ನೂರ ತೊಂಬತ್ತೆರಡು.

"ಒಂದು ಹೆಚ್ಚಾಯ್ತು ಭಾವ."

ಭಾವ ಮೈದಾನದ ಮೂಲೆಗೆ ನಡೆದುಹೋಗಿ, ಕೊನೆಯ ಗುರುತನ್ನು ಕಾಲಿನಿಂದ ನಿಧಾನವಾಗಿ ಒರೆಸಿದರು.

ಮೇಡಂ ಬಂದಾಗ ನಾವು ಅವರನ್ನು ಭವನದ ತಾರಸಿಗೆ ಹತ್ತಿಸಿದೆವು. ಅವರು ಗೋಡೆ ಹಿಡಿದುಕೊಂಡು ಕೆಳಗೆ ನೋಡಿದರು. ನಾವೂ ನೋಡಿದೆವು. ಬೆಳ್ಳನೆಯ ಗುರುತುಗಳು ಕಣ್ಣು ಹಾಯುವಷ್ಟು ದೂರಕ್ಕೆ. ಮೂರರ ಗುಂಪು ಮಾಡಿದರೂ, ನಾಲ್ಕರದು, ಹನ್ನೊಂದರದು, ನೂರಾ ಮೂವತ್ತೊಂದರದು ಮಾಡಿದರೂ ಆ ಮೂಲೆಯಲ್ಲಿ ಒಂದೇ ಒಂದು ಕಮ್ಮಿ.

"ಇದನ್ನ ಸಾವಿರ ಸಲ ಬರ್ದಿದೀನಿ," ಎಂದರು ಮೇಡಂ. "ಐದು ಅಂಕಿ, ಬೆರಳಷ್ಟು ಜಾಗ. ಇಷ್ಟು ದೊಡ್ಡದು ಅಂತ ನಂಗೇ ಗೊತ್ತಿರ್ಲಿಲ್ಲ." ಕಣ್ಣೊರೆಸಿಕೊಂಡರು.

ಆ ಘಳಿಗೆಗೆ ಸರಿಯಾಗಿ ಕಾರ್ಯದರ್ಶಿಗಳು ಮಗಳ ಮನೆಯಿಂದ ಬಂದಿಳಿದರು. ಬಾಗಿಲಲ್ಲಿ ಅಗ್ನಿಶಾಮಕದ ಗಾಡಿ, ಮೆಟ್ಟಿಲ ಮೇಲೆ ಹಲ್ಲಿನ ಕುರ್ಚಿ. ದಾಪುಗಾಲು ಹಾಕಿ ತಾರಸಿಗೆ ಬಂದರು. ಬಂದವರ ಕಣ್ಣಿಗೆ ಹದಿನೇಳು ಸಾವಿರ ಗುರುತು ಬೀಳಲಿಲ್ಲ, ಇಲ್ಲದ ಒಂದೇ ಬಿತ್ತು.

"ಆ ಮೂಲೇಲಿ ಒಂದು ಕಮ್ಮಿ ಇದೆ!"

"ಅದು ಹಾಗೇ ಇರ್ಬೇಕು ಸ್ವಾಮಿ..." ಎಂದರು ಭಾವ.

"ಹಾಗೇ ಇರ್ಬೇಕಾ? ಸೊಂಟ ಮುರಿಸಿಕೊಂಡೋನು ನಾನು! ನಾಡಿದ್ದು ಉಪನ್ಯಾಸ ಮುಗಿಯುತ್ತೆ. ಅವತ್ತೇ ಬೀಗದಕೈ ಕೊಟ್ಟು ಹೊರಡು." ಮೇಡಂ ಏನೋ ಹೇಳಹೋದರು. ಕಾರ್ಯದರ್ಶಿಗಳು ಕೇಳಿಸಿಕೊಳ್ಳದೆ, ರೋಗಿಯನ್ನು ಹಲ್ಲಿನ ವೈದ್ಯರಿಗೆ ಹಿಂದಿರುಗಿಸಲು ಇಳಿದುಹೋದರು.

ಐದನೇ ದಿನ ಬೆಳಿಗ್ಗೆ ಭಾವ ಐದನೇ ಸಾಲನ್ನು ಎರಡು ಸಲ ಓದಿದರು. ಇಪ್ಪತ್ತೊಂಬತ್ತು ಕೋಟಿ ಎಂಬತ್ತೊಂಬತ್ತು ಲಕ್ಷದ ತೊಂಬತ್ತೈದು ಸಾವಿರದ ಒಂಬೈನೂರ ಎಪ್ಪತ್ತೊಂದು. ಒಂದು ಕುರ್ಚಿಯನ್ನೂ ಹಾಕದೆ, ಖಾಲಿ ಭವನದಲ್ಲಿ ಕೈಕಟ್ಟಿ ನಿಂತುಬಿಟ್ಟರು. ಸಂಜೆ ಜನ ಬಂದರು, ಗೋಡೆಯಿಂದ ಗೋಡೆಗೆ ಒತ್ತೊತ್ತಾಗಿ ನಿಂತರು.

"ಮೇಡಂ, ಇದು ನನ್ನ ಕೈಲಾಗಲ್ಲ. ನಮ್ಮೂರಿನೋರೆಲ್ಲ ದಿನಾ ಬಂದು ಕೂತ್ರೂ ಮುಗಿಯಲ್ಲ," ಎಂದರು ಭಾವ.

"ನನ್ನ ಕೈಲೂ ಆಗಲ್ಲ ಅಣ್ಣಾ," ಎಂದರು ಮೇಡಂ. "ಯಾರೂ ಇದನ್ನ ಹಾಕಿ ನೋಡಿಲ್ಲ, ನೋಡೋದೂ ಇಲ್ಲ. ಆದ್ರೆ ಅದು ಇದೆ. ಹಠಮಾರಿಯೇ. ಯಾವ ಸಾಲಿಗೂ ಬಗ್ಗಲ್ಲ. ನಾವ್ಯಾರೂ ಹುಟ್ಟೋಕೆ ಮುಂಚೆನೂ ಇತ್ತು." ಆಮೇಲೆ ಆ ಅಂಕಿಗಳನ್ನು ಬೋರ್ಡಿನಲ್ಲಿ ಒಂದೊಂದಾಗಿ ಬರೆದರು. ಹಿಂದಿನ ದಿನ ಐದು ಅಂಕಿಗೆ ಒಂದು ಮೈದಾನ ಹಿಡಿದದ್ದನ್ನು ಕಂಡಿದ್ದ ಜನ ಈ ಒಂಬತ್ತು ಅಂಕಿಗಳನ್ನು ಬಾಯಿ ತೆರೆದು ನೋಡಿದರು. ನನ್ನ ಹೆಂಡತಿ ನನ್ನ ಕೈ ಹಿಡಿದುಕೊಂಡಳು. "ರೀ, ಹೆದರಿಕೆ ಆಗುತ್ತೆ, ಖುಷಿನೂ ಆಗುತ್ತೆ," ಎಂದಳು. ನನಗೂ ಹಾಗೇ ಆಗುತ್ತಿತ್ತು.

ಆರನೇ ದಿನ ಭಾವ ಬೆಳಿಗ್ಗೆಯೇ ತಮ್ಮ ಕೋಣೆಯ ಸಾಮಾನನ್ನು ಒಂದು ಚೀಲಕ್ಕೆ ತುಂಬಿದರು. ಒಂದೇ ಚೀಲಕ್ಕೆ ಎಲ್ಲ ಹಿಡಿಸಿತು. ನನ್ನ ಹೆಂಡತಿ ನಮ್ಮ ಮನೆಯ ಹೊರಕೋಣೆ ಗುಡಿಸಿದಳು, ನಾನು ಬಾಯಿ ಮುಚ್ಚಿಕೊಂಡು ನಾಲ್ಕು ಕುರ್ಚಿಗಳನ್ನು ನಾನೇ ಗೋಡೆಗೆ ಹಚ್ಚಿಟ್ಟೆ. ಆ ದಿನ ಭಾವ ಚೀಟಿಯ ಕಡೆ ನೋಡಲೂ ಇಲ್ಲ. ಇರುವ ಕುರ್ಚಿಗಳನ್ನೆಲ್ಲ ಹೊರತೆಗೆದು, ಕೊನೆಯ ಸಲವೆಂದು ಒಂದೊಂದನ್ನೂ ಒರೆಸಿ, ಇಪ್ಪತ್ತರ ಸಾಲು ಹತ್ತೊಂಬತ್ತು ಹಾಕಿದರು. ಮೇಡಂ ಐದು ದಿನವೂ ನಿಂತೇ ಮಾತನಾಡಿದ್ದು ಅವರಿಗೆ ನೆನಪಾಗಿರಬೇಕು. ಕೊನೆಯ ಸಾಲಿನ ಕೊನೆಯ ಕುರ್ಚಿಯನ್ನು ಎತ್ತಿ ವೇದಿಕೆಯ ಮೇಲಿಟ್ಟರು.

ಜನ ಬಂದು ತುಂಬಿದರು. ಆರನೆಯ ಸಂಖ್ಯೆ ಎಂಟು ಸಾವಿರ ಚಿಲ್ಲರೆ ಎಂದು ಕೇಳಿ ಪೇದೆಗೆ ಬೇಸರವಾಯಿತು. "ಬೆಟ್ಟ ಅಗೆದು ಇಲಿ ಹಿಡಿದಂಗಾಯ್ತು ಮೇಡಂ," ಎಂದ.

"ಇಲಿಯೇ," ಎಂದು ಮೇಡಂ ನಕ್ಕರು. "ಐವರನ್ನೂ ಗುಣಿಸಿ, ನಾಲ್ಕರಿಂದ ಗುಣಿಸಿ, ಒಂದು ತೆಗೆದ್ರೆ ಹದಿನೇಳು ಅಂಕಿಯ ಬೆಟ್ಟ ಬರುತ್ತೆ. ಅದು ಹಠಮಾರಿ ಅಲ್ಲ, ಒಡೆಯುತ್ತೆ. ಒಡೆದು ನೋಡಿದ್ರೆ ಒಳಗೆ ನಮ್ಮ ಮನೆತನದ ಈ ಚಿಕ್ಕೋನು ಕೂತಿದಾನೆ. ಇಷ್ಟು ದಿನ ಯಾರ ಕಣ್ಣಿಗೂ ಬಿದ್ದಿರ್ಲಿಲ್ಲ. ಚಿಕ್ಕೋರು ಮೊದ್ಲು, ದೊಡ್ಡೋರು ಆಮೇಲೆ ಅಂತ ಇಲ್ಲಿ ಸರದಿ ಇಲ್ಲ. ಏಳು ನೋಡಿ, ಮೂರರ ಪಕ್ಕದ ಮನೆಯೋನು, ಇನ್ನೂ ಬಂದಿಲ್ಲ. ಈ ದಾರೀಲಿ ಮನೆತನದವರೆಲ್ಲ ಒಂದಲ್ಲ ಒಂದಿನ ಬಂದೇ ಬರ್ತಾರಾ? ಅದು ನಂಗೆ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ."

ಎಪ್ಪತ್ತು ದಾಟಿದ ಹೆಂಗಸು ಗೊತ್ತಿಲ್ಲವೆಂಬ ಮಾತನ್ನು ಅಷ್ಟು ಸಂತೋಷದಿಂದ ಹೇಳಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಆಗ ಹಿಂದಿನ ಬಾಗಿಲು ಕಿರುಗುಟ್ಟಿತು. ಕಾರ್ಯದರ್ಶಿಗಳು, ಬೀಗದಕೈ ಇಸಿದುಕೊಳ್ಳಲು ಬಂದವರು. ಬಾಗಿಲ ಮರೆಯಲ್ಲಿ ಎಷ್ಟು ಹೊತ್ತು ಕೇಳುತ್ತ ನಿಂತಿದ್ದರೋ ಗೊತ್ತಿಲ್ಲ. ಕೂರಲು ಕೊನೆಯ ಸಾಲಿಗೆ ಬಂದರು. ಅಲ್ಲಿ ಹತ್ತೊಂಬತ್ತು ಜನ ಕೂತಿದ್ದರು. ಇಪ್ಪತ್ತನೆಯ ಜಾಗದಲ್ಲಿ ಬರೀ ನೆಲ.

ಮುನ್ನೂರ ಎಪ್ಪತ್ತೊಂಬತ್ತು ತಲೆಗಳು ಹಿಂದಕ್ಕೆ ತಿರುಗಿದವು. ಭಾವ ಚೀಲ ಎತ್ತಿಕೊಂಡರು.

ಕಾರ್ಯದರ್ಶಿಗಳು ನೆಲ ನೋಡಿದರು. ಸಾಲುಗಳನ್ನು ನೋಡಿದರು. ತುಟಿ ಅಲ್ಲಾಡಿಸುತ್ತ ಬೆರಳು ಮಡಚತೊಡಗಿದರು. ನಾಲ್ಕರ ಸಾಲಾದರೆ ಒಂದು ಕಮ್ಮಿ. ಐದರದಾದರೆ ಒಂದು ಕಮ್ಮಿ. ಹತ್ತರದು, ಹತ್ತೊಂಬತ್ತರದು, ಇಪ್ಪತ್ತರದು, ಎಲ್ಲದಕ್ಕೂ ಒಂದು ಕಮ್ಮಿ. ಅವರ ಹುಬ್ಬು ಮೆಲ್ಲಗೆ ಮೇಲೇರಿತು.

"ಮೇಡಂ, ಮುನ್ನೂರ ಎಪ್ಪತ್ತೊಂಬತ್ತು... ಅದೂ ಹಠಮಾರಿಯಾ?"

ಮೇಡಂ ಕಣ್ಣು ಮುಚ್ಚಿ ಅರ್ಧ ನಿಮಿಷ ಲೆಕ್ಕ ಹಾಕಿದರು. "ಹೌದು. ನಮ್ಮ ಮನೆತನದವನೇ."

ಕಾರ್ಯದರ್ಶಿಗಳು ತಲೆಯಾಡಿಸಿದರು. ದರ್ಜಿ ಎದ್ದು ತನ್ನ ಕುರ್ಚಿ ಬಿಟ್ಟುಕೊಡಹೋದ. "ಕೂತ್ಕೊಳಯ್ಯಾ, ಲೆಕ್ಕ ಕೆಡುತ್ತೆ," ಎಂದು ಗದರಿದರು. ಹೋಗಿ ಆ ಇಲ್ಲದ ಕುರ್ಚಿಯ ಜಾಗದಲ್ಲಿ ನೆಟ್ಟಗೆ ನಿಂತರು. ಸೊಂಟದ ಮೇಲೆ ಒಂದು ಕೈ ಇಟ್ಟುಕೊಂಡು ಉಳಿದ ಹೊತ್ತೆಲ್ಲ ಹಾಗೇ ನಿಂತು ಕೇಳಿದರು. ಮುಗಿದ ಮೇಲೆ ಭಾವನವರ ಕೈಯಿಂದ ಚೀಲ ಕಿತ್ತುಕೊಂಡು, ತಾವೇ ಹಿಂದಿನ ಕೋಣೆಗೆ ಹೊತ್ತೊಯ್ದು ಇಟ್ಟುಬಂದರು.

"ನಾಳೆ ಯಾವ ಸಭೆ ಸ್ವಾಮಿ? ಎಷ್ಟು ಕುರ್ಚಿ?" ಎಂದು ಭಾವ ಕೇಳಿದರು.

"ನಂಗೊಂದು ಬಿಟ್ಟು ಉಳಿದಿದ್ದೆಲ್ಲ ಹಾಕು," ಎಂದರು ಕಾರ್ಯದರ್ಶಿಗಳು.